ಗೋ ಲಾಗರ್ ಮತ್ತು ನಿಮ್ಮ ಲಾಗ್ ವ್ಯವಸ್ಥೆಯ ನಡುವಿನ ಕೊಂಡಿ ಕೈಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ಪ್ರೋಗ್ರಾಂನ ಆಗುಹೋಗುಗಳನ್ನು ಸಾಲುಸಾಲಾಗಿ ದಾಖಲಿಸುವ, ಗೋ ಭಾಷೆಯ ‘ಲಾಗ್’ ಪ್ಯಾಕೇಜ್‌ಗೆ ನಿಮ್ಮ ತಂಡ ಕಟ್ಟಿಕೊಂಡ ಲಾಗ್ ವ್ಯವಸ್ಥೆಯ ಪರಿಚಯವಿಲ್ಲ. ಆದರೆ ಎಚ್‌ಟಿಟಿಪಿ ಸರ್ವರ್, ರಿವರ್ಸ್ ಪ್ರಾಕ್ಸಿ (ಬಂದ ವಿನಂತಿಗಳನ್ನು ಹಿಂದಿನ ಸರ್ವರ್‌ಗೆ ದಾಟಿಸುವುದು), ಹೊರಗಿನಿಂದ ತಂದ ಎಷ್ಟೋ ಲೈಬ್ರರಿಗಳು ತಮ್ಮ ದೂರುಗಳನ್ನೆಲ್ಲ ಆ ಪ್ಯಾಕೇಜ್‌ನ ಕೈಗೇ ಕೊಡುತ್ತವೆ. ಅವನ್ನು ನಮ್ಮ ವ್ಯವಸ್ಥೆಗೆ ಮುಟ್ಟಿಸಲು ಬರೆಯುವ ಅಡಾಪ್ಟರ್ ತೀರಾ ಸಣ್ಣದು: ‘ರೈಟ್’ ಎಂಬ ಒಂದೇ ಮೆಥಡ್ ಇರುವ ಒಂದು ಟೈಪ್. ಅದನ್ನು ‘ಲಾಗ್.ನ್ಯೂ’ ಅಥವಾ ‘ಲಾಗ್.ಸೆಟ್‌ಔಟ್‌ಪುಟ್’ಗೆ ಕೊಟ್ಟರೆ ಕೆಲಸ ಮುಗಿದಂತೆ ಕಾಣುತ್ತದೆ. ಇಷ್ಟು ಸಣ್ಣ ಕೋಡ್ ಆದುದರಿಂದಲೇ ಇದರ ದೋಷಗಳನ್ನು ಜನ ಬೇರೆಲ್ಲೋ ಹುಡುಕುತ್ತಾರೆ.

ಮುಂದಿನ ಎಲ್ಲ ಲಕ್ಷಣಗಳನ್ನು ಅರ್ಥಮಾಡಿಕೊಳ್ಳಲು ಮೂರು ಸಂಗತಿ ಗೊತ್ತಿರಬೇಕು. ಒಂದು ಸಂದೇಶಕ್ಕೆ ಲಾಗರ್ ‘ರೈಟ್’ ಅನ್ನು ಒಂದೇ ಬಾರಿ ಕರೆಯುತ್ತದೆ. ಕರೆಯುವಾಗ ತನ್ನ ಬೀಗವನ್ನು (ಒಂದು ಸಲಕ್ಕೆ ಒಬ್ಬರನ್ನೇ ಒಳಬಿಡುವ ಮ್ಯೂಟೆಕ್ಸ್ ಅನ್ನು) ಹಿಡಿದುಕೊಂಡಿರುತ್ತದೆ. ಆದ್ದರಿಂದ ಒಂದೇ ಲಾಗರ್‌ನಿಂದ ಎರಡು ಗೋರುಟೀನ್‌ಗಳು (ಗೋದಲ್ಲಿ ಏಕಕಾಲಕ್ಕೆ ಓಡುವ ಹಗುರ ಕೆಲಸಗಳು) ಒಟ್ಟಿಗೆ ಒಳಗೆ ಬರಲಾರವು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸಂದೇಶ ನಿಮ್ಮ ಕೈ ಸೇರುವ ಹೊತ್ತಿಗೆ ಅದು ಬರಿಯ ಬೈಟ್‌ಗಳ ಸಾಲಾಗಿರುತ್ತದೆ. ಅದರ ಮಟ್ಟ (ತೀವ್ರತೆ) ಯಾವುದು, ಯಾವ ಫೈಲಿನಿಂದ ಬಂತು, ಜೊತೆಗಿದ್ದ ಮೌಲ್ಯಗಳು ಯಾವುವು ಎಂಬ ವಿವರಗಳು ಪ್ರತ್ಯೇಕವಾಗಿ ಉಳಿದಿರುವುದಿಲ್ಲ. ಕಳೆದುಹೋದದ್ದನ್ನು ‘ರೈಟ್’ ಒಳಗೆ ಕುಳಿತು ಊಹಿಸುವುದಕ್ಕಿಂತ, ಕಳೆದುಹೋಗದಂತೆ ಲಾಗರ್ ಅನ್ನು ಕಟ್ಟುವುದೇ ಸರಿಯಾದ ದಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲಕ್ಕೂ ಮೊದಲು ಮಾಡುವ ಪರೀಕ್ಷೆ

ಲಕ್ಷಣ ಯಾವುದೇ ಇರಲಿ, ಮೊದಲು ನಿಮ್ಮ ಲಾಗ್ ವ್ಯವಸ್ಥೆಯನ್ನು ಪೂರ್ತಿ ಪಕ್ಕಕ್ಕಿಡಿ. ಅಡಾಪ್ಟರ್‌ನ ‘ರೈಟ್’ ಒಳಗೆ, ಬಂದ ಬೈಟ್‌ಗಳನ್ನು ಉದ್ಧರಣ ಚಿಹ್ನೆಯೊಳಗೆ ತೋರಿಸುವ ‘%ಕ್ಯು’ ರೂಪದಲ್ಲಿ ನೇರವಾಗಿ ಸ್ಟ್ಯಾಂಡರ್ಡ್ ಎರರ್‌ಗೆ (ದೋಷಗಳಿಗೆಂದೇ ಇರುವ ಔಟ್‌ಪುಟ್, ಸಾಮಾನ್ಯವಾಗಿ ಟರ್ಮಿನಲ್) ಮುದ್ರಿಸಿ. ಆ ರೂಪದಲ್ಲಿ ಮುದ್ರಿಸಿದರೆ ಕಣ್ಣಿಗೆ ಕಾಣದ ಹೊಸಸಾಲಿನ ಗುರುತು, ಟ್ಯಾಬ್, ಮುರಿದ ಅಕ್ಷರಗಳು ಎಲ್ಲವೂ ಎದುರಿಗೆ ಬರುತ್ತವೆ. ಬಳಿಕ ಒಂದು ಸಂದೇಶ ಕಳುಹಿಸಿ.

ಇಲ್ಲಿ ಸಂದೇಶ ಸರಿಯಾಗಿ ಕಂಡರೆ ತೊಂದರೆ ಇರುವುದು ಮುಂದಿನ ವ್ಯವಸ್ಥೆಯಲ್ಲಿ ಅಥವಾ ಅದಕ್ಕೆ ಒಪ್ಪಿಸುವ ಹಂತದಲ್ಲಿ. ಕಾಣದಿದ್ದರೆ, ಕೆಟ್ಟು ಕಂಡರೆ, ತೊಂದರೆ ಅದಕ್ಕಿಂತ ಹಿಂದಿನದು. ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ. ಅದನ್ನು ಪರೀಕ್ಷಾ ಪರಿಸರದಲ್ಲಿಯೇ ನಡೆಸಿ: ಕಚ್ಚಾ ಲಾಗ್‌ನಲ್ಲಿ ಗುಪ್ತ ಮಾಹಿತಿ ಇರಬಹುದು, ಬಳಕೆದಾರರಿರುವ ಸರ್ವರ್‌ನ ಡಿಸ್ಕ್ ಬೇಗ ತುಂಬಿಕೊಳ್ಳಬಹುದು.

ಏನೂ ಬರುತ್ತಿಲ್ಲ, ಅಥವಾ ಕೆಲವು ಮಾತ್ರ ಬರುತ್ತಿವೆ

ಅಗ್ಗದ ಕಾರಣಗಳನ್ನು ಮೊದಲು ನೋಡಿ. ‘ಲಾಗ್.ಸೆಟ್‌ಔಟ್‌ಪುಟ್’ ಬದಲಾಯಿಸುವುದು ಪ್ಯಾಕೇಜ್‌ನ ಸಾಮಾನ್ಯ ಲಾಗರ್ ಒಂದನ್ನು ಮಾತ್ರ. ಯಾವುದೋ ಲೈಬ್ರರಿ ತನ್ನ ಪಾಡಿಗೆ ‘ಲಾಗ್.ನ್ಯೂ’ ಕರೆದು ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುವ ಸ್ವಂತ ಲಾಗರ್ ಇಟ್ಟುಕೊಂಡಿದ್ದರೆ ನಿಮ್ಮ ಬದಲಾವಣೆ ಅದನ್ನು ಮುಟ್ಟುವುದಿಲ್ಲ. ಇಂತಹ ಲಾಗರ್‌ಗಳು ಸಾಮಾನ್ಯವಾಗಿ ಪ್ಯಾಕೇಜ್ ಮಟ್ಟದ ವೇರಿಯಬಲ್‌ಗಳಾಗಿರುತ್ತವೆ, ‘ಮೇನ್’ ಶುರುವಾಗುವ ಮೊದಲೇ ಹುಟ್ಟಿಬಿಡುತ್ತವೆ. ಟರ್ಮಿನಲ್‌ನಲ್ಲಿ ಕಾಣುವ ಸಾಲು ಕೇಂದ್ರ ವ್ಯವಸ್ಥೆಯಲ್ಲಿ ಇಲ್ಲದಿದ್ದರೆ ಇದೇ ಮೊದಲ ಅನುಮಾನವಾಗಲಿ. ಆ ಲೈಬ್ರರಿಯಲ್ಲಿ ಲಾಗರ್ ಅನ್ನು ಹೊರಗಿನಿಂದ ಕೊಡುವ ಅವಕಾಶ ಇದೆಯೇ ನೋಡಿ. ಎಚ್‌ಟಿಟಿಪಿ ಸರ್ವರ್‌ಗೂ ರಿವರ್ಸ್ ಪ್ರಾಕ್ಸಿಗೂ ‘ಎರರ್‌ಲಾಗ್’ ಎಂಬ ಫೀಲ್ಡ್ ಇದೆ. ಅದನ್ನು ಖಾಲಿ ಬಿಟ್ಟರೆ ಮಾತ್ರ ಅವು ಸಾಮಾನ್ಯ ಲಾಗರ್ ಬಳಸುತ್ತವೆ.

ಎರಡನೆಯದು ಕರೆಗಳ ಕ್ರಮ. 2023ರಲ್ಲಿ ಬಂದ ಗೋ 1.21ರ ಹೊಸ ಲಾಗ್ ಪ್ಯಾಕೇಜ್ ‘ಎಸ್‌ಲಾಗ್’ ಬಳಸುವವರು ‘ಎಸ್‌ಲಾಗ್.ಸೆಟ್‌ಡೀಫಾಲ್ಟ್’ ಕರೆದಾಗ ಹಳೆಯ ಲಾಗರ್‌ನ ಔಟ್‌ಪುಟ್ ಕೂಡ ತಾನಾಗಿ ಹೊಸ ಹ್ಯಾಂಡ್ಲರ್‌ನ (ದಾಖಲೆಯನ್ನು ಬರೆಯುವ ಭಾಗದ) ಕಡೆಗೆ ತಿರುಗುತ್ತದೆ. ಅದಾದ ಮೇಲೆ ಬೇರೆ ಯಾವುದೋ ಕೋಡ್ ‘ಲಾಗ್.ಸೆಟ್‌ಔಟ್‌ಪುಟ್’ ಕರೆದರೆ ಆ ಕೊಂಡಿ ಸದ್ದಿಲ್ಲದೆ ಕಳಚುತ್ತದೆ. ಇಡೀ ಯೋಜನೆಯಲ್ಲಿ ಆ ಹೆಸರನ್ನು ಹುಡುಕಿ, ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿದರೆ ಯಾವುದು ಕೊನೆಗೆ ಓಡುತ್ತದೆ ಎಂದು ಪತ್ತೆ ಮಾಡಿ.

ಮೂರನೆಯದು ಕಣ್ಣಿಗೆ ಬೀಳುವುದೇ ಕಷ್ಟ. ನಿಮ್ಮ ‘ರೈಟ್’ ಹಿಂದಿರುಗಿಸುವ ಸಂಖ್ಯೆ ಎಷ್ಟು? ಬಂದ ಬೈಟ್‌ಗಳ ಪೂರ್ತಿ ಉದ್ದವನ್ನೇ ಹಿಂದಿರುಗಿಸಬೇಕು. ಕೊನೆಯ ಹೊಸಸಾಲನ್ನು ಕತ್ತರಿಸಿದ ಮೇಲಿನ ಉದ್ದವನ್ನೋ, ಜೇಸನ್ ಆಗಿ ಬದಲಾದ ಮೇಲಿನ ಉದ್ದವನ್ನೋ ಕೊಡುವ ಅಡಾಪ್ಟರ್‌ಗಳು ಧಾರಾಳವಾಗಿವೆ. ಅಡಾಪ್ಟರ್ ಒಂದೇ ಇದ್ದಾಗ ಇದರಿಂದ ಏನೂ ಕೆಟ್ಟಂತೆ ತೋರುವುದಿಲ್ಲ, ಏಕೆಂದರೆ ‘ಲಾಗ್.ಪ್ರಿಂಟ್’ ದೋಷಗಳನ್ನು ಯಾರಿಗೂ ಹೇಳುವುದಿಲ್ಲ. ಅದೇ ಅಡಾಪ್ಟರ್ ಅನ್ನು, ಒಂದೇ ಸಂದೇಶವನ್ನು ಹಲವೆಡೆ ಬರೆಯುವ ‘ಐಒ.ಮಲ್ಟಿರೈಟರ್’ ಒಳಗೆ ಮೊದಲಿಗನಾಗಿ ಇಟ್ಟ ದಿನ, ಉದ್ದ ಹೊಂದಲಿಲ್ಲವೆಂದು ಮಲ್ಟಿರೈಟರ್ ಅಲ್ಲಿಯೇ ನಿಲ್ಲುತ್ತದೆ. ಅದರ ನಂತರದ ಸ್ಥಾನದಲ್ಲಿರುವ ಫೈಲಿಗೆ ಒಂದಕ್ಷರವೂ ಹೋಗುವುದಿಲ್ಲ. ಒಂದು ಕಡೆ ಲಾಗ್ ಬರುತ್ತಿದೆ, ಮತ್ತೊಂದು ಕಡೆ ಪೂರ್ತಿ ಖಾಲಿ ಎಂದಾದರೆ ಮೊದಲು ಈ ಸಂಖ್ಯೆಯನ್ನು ಪರೀಕ್ಷಿಸಿ.

ಇನ್ನು, ಪ್ರೋಗ್ರಾಂ ಪ್ಯಾನಿಕ್ (ಓಟವನ್ನೇ ನಿಲ್ಲಿಸುವ ಹಠಾತ್ ದೋಷ) ಆಗಿ ಸಾಯುವಾಗ ಕಾಣುವ ಸಾಲುಗಳು ಯಾವ ಲಾಗರ್‌ನ ಮೂಲಕವೂ ಬರುವುದಿಲ್ಲ. ರನ್‌ಟೈಮ್ ಅವನ್ನು ನೇರವಾಗಿ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ. ಅದು ಅಡಾಪ್ಟರ್‌ನ ದೋಷವಲ್ಲ. ಗೋ 1.23ರಿಂದ ‘ಡೀಬಗ್.ಸೆಟ್‌ಕ್ರ್ಯಾಶ್‌ಔಟ್‌ಪುಟ್’ ಮೂಲಕ ಅದರ ಇನ್ನೊಂದು ಪ್ರತಿಯನ್ನು ಫೈಲಿಗೆ ಹೋಗುವಂತೆ ಮಾಡಬಹುದು.

ದಿನಾಂಕ ಎರಡೆರಡು ಸಲ, ನಡುನಡುವೆ ಖಾಲಿ ಸಾಲು

ಇದು ಎಲ್ಲಕ್ಕಿಂತ ಸುಲಭದ್ದು. ಸಾಮಾನ್ಯ ಲಾಗರ್ ತಾನಾಗಿ ‘2024/05/17 10:22:31’ ಎಂಬಂತೆ ದಿನಾಂಕ, ಸಮಯ ಸೇರಿಸುತ್ತದೆ. ನಿಮ್ಮ ವ್ಯವಸ್ಥೆಯೂ ತನ್ನದನ್ನು ಸೇರಿಸುತ್ತದೆ. ಲಾಗರ್ ಏನು ಸೇರಿಸಬೇಕೆಂದು ನಿರ್ಧರಿಸುವ ಫ್ಲ್ಯಾಗ್ ಅನ್ನು ಸೊನ್ನೆ ಮಾಡಿದರೆ ಮುಗಿಯಿತು. ‘ಎಸ್‌ಲಾಗ್.ಸೆಟ್‌ಡೀಫಾಲ್ಟ್’ ಇದನ್ನು ತಾನೇ ಮಾಡುತ್ತದೆ. ಅದಾದ ಮೇಲೂ ದಿನಾಂಕ ಎರಡು ಸಲ ಕಂಡರೆ ಯಾರೋ ಆಮೇಲೆ ‘ಲಾಗ್.ಸೆಟ್‌ಫ್ಲ್ಯಾಗ್ಸ್’ ಕರೆದಿದ್ದಾರೆ ಎಂದರ್ಥ. ಎರಡು ದಿನಾಂಕಗಳ ನಡುವೆ ಗಂಟೆಗಳ ಅಂತರ ಇದ್ದರೆ ಗಾಬರಿ ಬೇಡ, ಒಂದು ಸ್ಥಳೀಯ ಸಮಯ, ಇನ್ನೊಂದು ಯುಟಿಸಿ.

ಖಾಲಿ ಸಾಲಿಗೆ ಕಾರಣ, ಸಂದೇಶದ ಕೊನೆಯಲ್ಲಿ ಹೊಸಸಾಲು ಇಲ್ಲದಿದ್ದರೆ ಲಾಗರ್ ಅದನ್ನು ಸೇರಿಸಿಯೇ ಕಳುಹಿಸುವುದು. ಒಂದೇ ಒಂದು ಹೊಸಸಾಲನ್ನು ಕೊನೆಯಿಂದ ಕತ್ತರಿಸಿ. ಎಲ್ಲ ಖಾಲಿ ಜಾಗವನ್ನೂ ಎರಡೂ ಬದಿಯಿಂದ ಬೋಳಿಸಿದರೆ ಮುಂದೆ ಸ್ಟ್ಯಾಕ್ ಟ್ರೇಸ್‌ಗಳ (ದೋಷದ ಕ್ಷಣದಲ್ಲಿದ್ದ ಕರೆಗಳ ಪಟ್ಟಿಗಳ) ಇಂಡೆಂಟ್ ಕೆಡಬಹುದು.

ಎಲ್ಲ ಸಂದೇಶಗಳೂ ಒಂದೇ ಮಟ್ಟದಲ್ಲಿ ಬರುತ್ತಿವೆ

ಹಳೆಯ ಲಾಗರ್‌ಗೆ ಮಟ್ಟ ಎಂಬುದೇ ಇಲ್ಲ. ಹಾಗಾಗಿ ಅಡಾಪ್ಟರ್ ಒಂದನ್ನು ಆರಿಸಬೇಕಾಗುತ್ತದೆ. ‘ಇನ್ಫೋ’ ಆರಿಸಿದರೆ ನಿಜವಾದ ದೋಷಗಳು ಗದ್ದಲದಲ್ಲಿ ಮುಳುಗುತ್ತವೆ, ‘ಎರರ್’ ಆರಿಸಿದರೆ ಮಧ್ಯರಾತ್ರಿ ಎಚ್ಚರಿಕೆಯ ಕರೆಗಳು ಶುರುವಾಗುತ್ತವೆ. ಎಚ್‌ಟಿಟಿಪಿ ಸರ್ವರ್‌ನ ‘ಎರರ್‌ಲಾಗ್’ ನೋಡಿ. ಇಂಟರ್ನೆಟ್‌ಗೆ ತೆರೆದ ಪೋರ್ಟ್ ಅನ್ನು ಯಾವುದೋ ಸ್ಕ್ಯಾನರ್ ತಟ್ಟಿದರೂ ‘ಟಿಎಲ್‌ಎಸ್ ಹ್ಯಾಂಡ್‌ಶೇಕ್ ಎರರ್’ ಎಂಬ ಸಾಲು ಅಲ್ಲಿಗೆ ಬರುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಹೆಡರ್ ಅನ್ನು ಎರಡು ಸಲ ಬರೆದಾಗ ಬರುವ ‘ಸೂಪರ್‌ಫ್ಲೂಯಸ್ ರೆಸ್ಪಾನ್ಸ್.ರೈಟ್‌ಹೆಡರ್ ಕಾಲ್’ ಎಂಬ ಸಾಲೂ ಅಲ್ಲಿಗೇ ಬರುತ್ತದೆ, ಅದು ನಿಮ್ಮ ಕೋಡ್‌ನ ತಪ್ಪು. ವಿನಂತಿಗೆ ಉತ್ತರಿಸುವ ಎಚ್‌ಟಿಟಿಪಿ ಹ್ಯಾಂಡ್ಲರ್ ಪ್ಯಾನಿಕ್ ಆದ ಸುದ್ದಿಗೂ ಅದೇ ಜಾಗ.

ಸಾಲಿನೊಳಗಿನ ಪದಗಳನ್ನು ಹುಡುಕಿ ಮಟ್ಟ ನಿರ್ಧರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಮೊದಲ ಮದ್ದಾಗಿ ಬಳಸಬೇಡಿ. ಆ ಪದಗಳು ಮುಂದಿನ ಆವೃತ್ತಿಯಲ್ಲೂ ಹಾಗೆಯೇ ಇರುತ್ತವೆಂದು ಯಾರೂ ಮಾತು ಕೊಟ್ಟಿಲ್ಲ. ಅದರ ಬದಲು ಸಂದೇಶ ಎಲ್ಲಿಂದ ಬರುತ್ತದೆಯೋ ಆ ಮೂಲಕ್ಕೊಂದು ಲಾಗರ್ ಕಟ್ಟಿ: ಸರ್ವರ್‌ಗೆ ‘ವಾರ್ನ್’ ಮಟ್ಟದ್ದು, ಪ್ರಾಕ್ಸಿಗೆ ‘ಎರರ್’ ಮಟ್ಟದ್ದು, ಮಾತು ಜಾಸ್ತಿಯಿರುವ ಲೈಬ್ರರಿಗೆ ‘ಡೀಬಗ್’ ಮಟ್ಟದ್ದು. ‘ಎಸ್‌ಲಾಗ್.ನ್ಯೂಲಾಗ್‌ಲಾಗರ್’ಗೆ ಹ್ಯಾಂಡ್ಲರ್ ಮತ್ತು ಮಟ್ಟ ಕೊಟ್ಟರೆ ಇಂತಹ ಲಾಗರ್ ಸಿಗುತ್ತದೆ. ‘ಜ್ಯಾಪ್’ ಲಾಗ್ ಲೈಬ್ರರಿ ಬಳಸುವವರಿಗೆ ‘ನ್ಯೂಸ್ಟ್ಯಾಂಡ್‌ಲಾಗ್‌ಅಟ್’ ಅದೇ ಕೆಲಸ ಮಾಡುತ್ತದೆ. ಸಾಮಾನ್ಯ ಲಾಗರ್‌ಗೆ ಎಸ್‌ಲಾಗ್ ಕೊಡುವ ಮಟ್ಟ ‘ಇನ್ಫೋ’, ಗೋ 1.22ರಿಂದ ‘ಸೆಟ್‌ಲಾಗ್‌ಲಾಗರ್‌ಲೆವೆಲ್’ ಕರೆದು ಅದನ್ನು ಬದಲಾಯಿಸಬಹುದು.

ಇಷ್ಟಾದ ಮೇಲೂ ಪದ ಹುಡುಕಲೇಬೇಕಾದರೆ ಒಂದು ಕಟ್ಟುಪಾಡು ಇರಲಿ. ಸಿಕ್ಕಿದ ಸಾಲಿನ ಮಟ್ಟ ಇಳಿಸಿ, ಸಾಲನ್ನೇ ಎಸೆಯಬೇಡಿ. ಪ್ರಮಾಣಪತ್ರದ ಅವಧಿ ಮುಗಿದು ಎಲ್ಲ ಬಳಕೆದಾರರೂ ಹೊರಗುಳಿದ ದಿನವೂ ಕಾಣುವುದು ಅದೇ ಹ್ಯಾಂಡ್‌ಶೇಕ್ ಸಾಲೇ.

ಪ್ರತಿ ಸಾಲೂ ಅಡಾಪ್ಟರ್‌ನ ಫೈಲ್ ಹೆಸರನ್ನೇ ತೋರಿಸುತ್ತಿದೆ

ನಿಮ್ಮ ಲಾಗ್ ವ್ಯವಸ್ಥೆ ತನ್ನನ್ನು ಕರೆದವರು ಯಾರು ಎಂದು ನೋಡುತ್ತದೆ, ಕರೆದದ್ದು ಅಡಾಪ್ಟರ್. ಕರೆಗಳ ಸರಣಿಯಲ್ಲಿ ಇಂತಿಷ್ಟು ಮೆಟ್ಟಿಲು ಹಿಂದಕ್ಕೆ ಹೋಗು ಎಂದು ಹೇಳಿ ಇದನ್ನು ಸರಿಪಡಿಸಬಹುದು. ಆದರೆ ಆ ಎಣಿಕೆ ಸ್ಟ್ಯಾಂಡರ್ಡ್ ಲೈಬ್ರರಿಯ ಒಳರಚನೆಯನ್ನು ನಂಬಿಕೊಂಡಿರುತ್ತದೆ. ಗೋ ಆವೃತ್ತಿ ಬದಲಾದಾಗ ಎಣಿಕೆ ತಪ್ಪಿ, ಫೈಲ್ ಹೆಸರು ಪಕ್ಕದ ಫಂಕ್ಷನ್‌ನದಾಗಬಹುದು. ಎಣಿಕೆಯನ್ನೇ ಬಳಸುವುದಾದರೆ ನಿರೀಕ್ಷಿತ ಫೈಲ್ ಹೆಸರನ್ನು ಪರೀಕ್ಷಿಸುವ ಒಂದು ಟೆಸ್ಟ್ ಬರೆದಿಡಿ, ಆವೃತ್ತಿ ಏರಿಸಿದ ದಿನವೇ ಅದು ಕೂಗಿ ಹೇಳುತ್ತದೆ.

ಇದಕ್ಕಿಂತ ನಂಬಿಕಸ್ತ ದಾರಿ, ಎಣಿಕೆಯ ಹೊಣೆ ಹೊತ್ತ ಸಿದ್ಧ ಕೊಂಡಿಗಳನ್ನೇ ಬಳಸುವುದು. ಎಸ್‌ಲಾಗ್‌ನಲ್ಲಿ ‘ಆ್ಯಡ್‌ಸೋರ್ಸ್’ ಆಯ್ಕೆ ಹಾಕಿದರೂ ಹಳೆಯ ‘ಲಾಗ್.ಪ್ರಿಂಟ್’ ಕರೆಗಳಿಗೆ ಮೂಲ ಸ್ಥಳ ಸಿಗುತ್ತಿಲ್ಲವೆಂದಾದರೆ, ‘ಸೆಟ್‌ಡೀಫಾಲ್ಟ್’ ಕರೆಯುವ ಮೊದಲು ‘ಎಲ್‌ಶಾರ್ಟ್‌ಫೈಲ್’ ಫ್ಲ್ಯಾಗ್ ಹಾಕಿ ನೋಡಿ. ಆ ಕ್ಷಣದಲ್ಲಿ ಫ್ಲ್ಯಾಗ್ ಇದ್ದರೆ ಮಾತ್ರ ಅದು ಸ್ಥಳವನ್ನು ಹಿಡಿದುಕೊಳ್ಳುತ್ತದೆ.

ಒಂದು ಪ್ಯಾನಿಕ್, ನೂರಾರು ದಾಖಲೆಗಳು

ಹ್ಯಾಂಡ್ಲರ್ ಪ್ಯಾನಿಕ್ ಆದಾಗ ಎಚ್‌ಟಿಟಿಪಿ ಸರ್ವರ್ ಇಡೀ ಸ್ಟ್ಯಾಕ್ ಟ್ರೇಸ್ ಅನ್ನು ಒಂದೇ ಸಂದೇಶವಾಗಿ ಕೊಡುತ್ತದೆ. ಅದಕ್ಕೆ ಅದು ಮೀಸಲಿಡುವ ಜಾಗ 64 ಕಿಲೋಬೈಟ್. ಅಡಾಪ್ಟರ್ ಹೊಸಸಾಲು ಕಂಡಲ್ಲೆಲ್ಲ ತುಂಡರಿಸಿದರೆ ಒಂದು ಘಟನೆ ಚೆಲ್ಲಾಪಿಲ್ಲಿಯಾಗುತ್ತದೆ. ‘ರೈಟ್’ ಒಂದು ಸಲ ಕರೆದರೆ ಒಂದೇ ದಾಖಲೆ ಎಂದು ತಿಳಿಯಿರಿ, ಒಳಗೆ ತುಂಡರಿಸಬೇಡಿ. ಅಡಾಪ್ಟರ್ ತುಂಡರಿಸದಿದ್ದರೂ ದಾಖಲೆ ಒಡೆದು ಬರುತ್ತಿದೆಯೇ? ಹಾಗಾದರೆ ಮುಂದಿನ ಸಾಗಣೆಯನ್ನು ನೋಡಿ, ಕಂಟೇನರ್ ಓಡಿಸುವ ಡಾಕರ್ 16 ಕಿಲೋಬೈಟ್‌ಗಿಂತ ಉದ್ದದ ಸಾಲನ್ನು ತಾನೇ ಒಡೆಯುತ್ತದೆ.

ತುಂಡರಿಸುವುದರಲ್ಲಿ ಸುರಕ್ಷತೆಯ ಪ್ರಶ್ನೆಯೂ ಇದೆ. ಬಳಕೆದಾರ ಕಳುಹಿಸಿದ ಪಠ್ಯದಲ್ಲಿ ಹೊಸಸಾಲು ಇದ್ದು, ಅದು ಲಾಗ್‌ಗೆ ಹಾಗೆಯೇ ಹೋದರೆ, ಹೊಸಸಾಲಿನ ನಂತರದ ಭಾಗ ನಿಮ್ಮ ವ್ಯವಸ್ಥೆಯಲ್ಲಿ ಪ್ರತ್ಯೇಕ ದಾಖಲೆಯಾಗಿ ನಿಲ್ಲುತ್ತದೆ. ಹೊರಗಿನವರು ಸುಳ್ಳು ದಾಖಲೆ ಸೃಷ್ಟಿಸಲು ಇದಕ್ಕಿಂತ ಸಲೀಸಾದ ಬಾಗಿಲಿಲ್ಲ.

ಸಾಲುಗಳು ಕಲಸಿಹೋಗಿವೆ, ಒಂದೇ ಸಾಲು ಎರಡು ಸಲ ಬಂದು ಇನ್ನೊಂದು ಕಾಣೆಯಾಗಿದೆ

ಇದನ್ನು ನೋಡಿದವರು ಸಾಮಾನ್ಯವಾಗಿ ನೆಟ್‌ವರ್ಕ್ ಅನ್ನೋ ಲಾಗ್ ಸಂಗ್ರಾಹಕವನ್ನೋ ಬೈಯುತ್ತಾರೆ. ಆದರೆ ಕಾರಣ ಹೆಚ್ಚಾಗಿ ಅಡಾಪ್ಟರ್‌ನ ಒಂದೇ ಸಾಲಿನಲ್ಲಿರುತ್ತದೆ: ಬಂದ ಬೈಟ್ ಸ್ಲೈಸ್ ಅನ್ನು ಹಾಗೆಯೇ ಚಾನೆಲ್‌ಗೆ (ಗೋರುಟೀನ್‌ಗಳ ನಡುವಿನ ಸರದಿಗೆ) ಹಾಕಿ, ಇನ್ನೊಂದು ಗೋರುಟೀನ್‌ನಲ್ಲಿ ನಿಧಾನವಾಗಿ ಕಳುಹಿಸುವುದು. ಆ ಸ್ಲೈಸ್ ನಿಮ್ಮದಲ್ಲ. ‘ರೈಟ್’ ಮುಗಿದ ಕೂಡಲೇ ಲಾಗರ್ ಅದೇ ಬಫರ್ ಅನ್ನು ಮುಂದಿನ ಸಂದೇಶಕ್ಕೆ ಬಳಸಿಕೊಳ್ಳಬಹುದು. ಬಂದ ಬೈಟ್‌ಗಳನ್ನು ‘ರೈಟ್’ ಮುಗಿದ ಮೇಲೆ ಇಟ್ಟುಕೊಳ್ಳಬಾರದು ಎಂಬುದು ‘ಐಒ.ರೈಟರ್’ನ ಲಿಖಿತ ನಿಯಮ.

ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ. ಮೊದಲು ಬಂದ ಸಂದೇಶ ‘ಆರ್ಡರ್ 202405170093 ಉಳಿಸಲಾಗಿದೆ’. ಅದು ಚಾನೆಲ್‌ನಲ್ಲಿ ಕಾಯುತ್ತಿರುವಾಗಲೇ ‘ಕ್ಯಾಶ್ ಖಾಲಿ’ ಎಂಬ ಎರಡನೆಯ ಸಂದೇಶ ಬಂತು, ಲಾಗರ್ ಅದನ್ನು ಅದೇ ಬಫರ್‌ನ ಆರಂಭದಿಂದ ಬರೆಯಿತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಕ್ಯಾಶ್ ಖಾಲಿ’ ಮತ್ತು ಅದರ ಹೊಸಸಾಲು ಸೇರಿ 32 ಬೈಟ್. ಮೊದಲ ಸಂದೇಶದಲ್ಲಿ ‘ಉಳಿಸಲಾಗಿದೆ’ ಪದಕ್ಕಿಂತ ಹಿಂದೆ ಇರುವುದೂ ಸರಿಯಾಗಿ 32 ಬೈಟ್. ಆದ್ದರಿಂದ ಮೊದಲ ಸಂದೇಶದ ಜಾಗದಲ್ಲಿ ಹೊರಬರುವುದು ‘ಕ್ಯಾಶ್ ಖಾಲಿ’, ಅದರ ಕೆಳಗೆ ಅನಾಥವಾಗಿ ‘ಉಳಿಸಲಾಗಿದೆ’. ಆರ್ಡರ್ ಸಂಖ್ಯೆ ಎಲ್ಲಿಯೂ ಇಲ್ಲ. ಲೆಕ್ಕ ಹೀಗೆ ಹೊಂದದಿದ್ದಾಗ ಕತ್ತರಿ ಅಕ್ಷರದ ಮಧ್ಯಕ್ಕೆ ಬಿದ್ದು, ವಜ್ರಾಕೃತಿಯೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಅದು ಕಂಡರೆ ಬಹುಪಾಲು ರೋಗ ಇದೇ.

ಪರಿಹಾರ: ಸ್ಲೈಸ್ ಅನ್ನು ಸ್ಟ್ರಿಂಗ್ ಮಾಡಿಯೋ ಹೊಸ ಸ್ಲೈಸ್‌ಗೆ ನಕಲು ಮಾಡಿಯೋ ಆಮೇಲೆ ಚಾನೆಲ್‌ಗೆ ಹಾಕುವುದು. ಟೆಸ್ಟ್‌ಗಳನ್ನು ‘-ರೇಸ್’ ಆಯ್ಕೆಯೊಂದಿಗೆ ಓಡಿಸಿದರೆ, ಒಂದೇ ಮೆಮೊರಿಗೆ ಇಬ್ಬರು ಒಟ್ಟಿಗೆ ಕೈ ಹಾಕುವುದನ್ನು ಗುರುತಿಸುವ ರೇಸ್ ಪತ್ತೆಗಾರ ಇದನ್ನು ಹಿಡಿಯುವ ಸಾಧ್ಯತೆ ಹೆಚ್ಚು. ಅದು ಪ್ರೋಗ್ರಾಂನ ವೇಗವನ್ನು ಬಹಳ ತಗ್ಗಿಸಿ ಮೆಮೊರಿಯನ್ನೂ ಹೆಚ್ಚು ತಿನ್ನುವುದರಿಂದ ಬಳಕೆದಾರರಿರುವ ಸರ್ವರ್‌ನಲ್ಲಿ ಬೇಡ.

ಪ್ರೋಗ್ರಾಂ ಅಲ್ಲಾಡದೆ ನಿಂತುಬಿಟ್ಟಿದೆ

ಲಾಗ್ ನಿಂತಿದೆ, ಜೊತೆಗೆ ವಿನಂತಿಗಳೂ ಉತ್ತರ ಪಡೆಯುತ್ತಿಲ್ಲ. ಸಿಪಿಯು ಬಳಕೆ ಸೊನ್ನೆಯ ಹತ್ತಿರ. ಇದು ಬೀಗದ ತೊಂದರೆ ಎಂದು ಅನುಮಾನಿಸಿ. ಎಲ್ಲ ಗೋರುಟೀನ್‌ಗಳೂ ಮಲಗಿದರೆ ಮಾತ್ರ ರನ್‌ಟೈಮ್ ತಾನಾಗಿ ಡೆಡ್‌ಲಾಕ್ ಎಂದು ಹೇಳಿ ಸಾಯುತ್ತದೆ, ಸರ್ವರ್‌ಗಳಲ್ಲಿ ಹಾಗಾಗುವುದು ಅಪರೂಪ.

ಮೊದಲು ಸಾಕ್ಷ್ಯ ಸಂಗ್ರಹಿಸಿ, ಮರುಚಾಲನೆ ಆಮೇಲೆ. ಗೋದ ಪ್ರೊಫೈಲಿಂಗ್ ಸಾಧನ ‘ಪಿಪ್ರಾಫ್’ ತೆರೆದಿದ್ದರೆ ಗೋರುಟೀನ್‌ಗಳ ಪೂರ್ಣ ಪಟ್ಟಿ ಅಲ್ಲಿ ಸಿಗುತ್ತದೆ. ಆ ಪೋರ್ಟ್ ಹೊರಜಗತ್ತಿಗೆ ತೆರೆದಿರಬಾರದು. ‘ಪಿಪ್ರಾಫ್’ ಇಲ್ಲದಿದ್ದಾಗ ‘ಸಿಗ್‌ಕ್ವಿಟ್’ ಸಿಗ್ನಲ್ ಕಳುಹಿಸಿದರೆ ಎಲ್ಲ ಸ್ಟ್ಯಾಕ್‌ಗಳೂ ಸ್ಟ್ಯಾಂಡರ್ಡ್ ಎರರ್‌ಗೆ ಬರುತ್ತವೆ. ಎಚ್ಚರ: ಆ ಸಿಗ್ನಲ್ ಪ್ರೋಗ್ರಾಂ ಅನ್ನು ಕೊಲ್ಲುತ್ತದೆ. ಪಟ್ಟಿಯಲ್ಲಿ ಬಹಳಷ್ಟು ಗೋರುಟೀನ್‌ಗಳು ಮ್ಯೂಟೆಕ್ಸ್‌ಗಾಗಿ ಕಾಯುತ್ತಿದ್ದು ಅವುಗಳ ಮೇಲೆ ‘ಲಾಗ್.ಲಾಗರ್’ ಹೆಸರಿದ್ದರೆ, ಬೀಗ ಹಿಡಿದು ಕುಳಿತ ಒಂದನ್ನು ಹುಡುಕಿ. ಅದು ನಿಮ್ಮ ‘ರೈಟ್’ ಒಳಗೇ ಇರುತ್ತದೆ.

ಅದು ಅಲ್ಲಿ ಏನು ಮಾಡುತ್ತಿದೆ ಎಂಬುದರ ಮೇಲೆ ಕಾರಣ ತಿಳಿಯುತ್ತದೆ. ಸ್ಟ್ಯಾಕ್‌ನಲ್ಲಿ ‘ಲಾಗ್.ಪ್ರಿಂಟ್’ ಎರಡು ಸಲ ಕಂಡರೆ ಅದು ತನ್ನ ಬಾಲವನ್ನೇ ಕಚ್ಚಿದ ಹಾವು: ಲಾಗ್ ಕಳುಹಿಸಲು ಆಗಲಿಲ್ಲ ಎಂಬ ದೂರನ್ನು ನಿಮ್ಮ ವ್ಯವಸ್ಥೆ ಮತ್ತೆ ‘ಲಾಗ್.ಪ್ರಿಂಟ್’ ಮೂಲಕವೇ ಹೇಳಲು ಹೋಗಿದೆ. ಗೋ ಮ್ಯೂಟೆಕ್ಸ್ ಅನ್ನು ಹಿಡಿದವರೇ ಮತ್ತೆ ಹಿಡಿಯಲಾಗದು, ಆದ್ದರಿಂದ ಅಲ್ಲಿಗೇ ಸ್ತಬ್ಧ. ಎಸ್‌ಲಾಗ್‌ನ ಹಳೆಯ ಡೀಫಾಲ್ಟ್ ಹ್ಯಾಂಡ್ಲರ್ ಅನ್ನೇ ಒಳಗಿಟ್ಟುಕೊಂಡ ಹ್ಯಾಂಡ್ಲರ್ ಒಂದನ್ನು ‘ಸೆಟ್‌ಡೀಫಾಲ್ಟ್’ ಮಾಡಿದರೂ ಇದೇ ಸುತ್ತು ಹುಟ್ಟುತ್ತದೆ, ಏಕೆಂದರೆ ಆ ಹಳೆಯ ಹ್ಯಾಂಡ್ಲರ್ ಬರೆಯುವುದು ‘ಲಾಗ್’ ಪ್ಯಾಕೇಜ್‌ನ ಮೂಲಕವೇ. ಅಡಾಪ್ಟರ್ ಮತ್ತು ಅದರ ಹಿಂದಿನ ವ್ಯವಸ್ಥೆ ತಮ್ಮ ದೂರುಗಳನ್ನು ನೇರವಾಗಿ ಸ್ಟ್ಯಾಂಡರ್ಡ್ ಎರರ್‌ಗೆ ಹೇಳಲಿ, ಬೇರೆಲ್ಲಿಗೂ ಬೇಡ.

ಸ್ಟ್ಯಾಕ್‌ನಲ್ಲಿ ‘ಐಒ.ಪೈಪ್’ ಕಂಡರೆ ಅದು ಬೇರೆ ಕಥೆ. ಕೆಲವು ಅಡಾಪ್ಟರ್‌ಗಳು ಪೈಪ್‌ನ ಒಂದು ತುದಿಯನ್ನು ಲಾಗರ್‌ಗೆ ಕೊಟ್ಟು, ಇನ್ನೊಂದು ತುದಿಯಲ್ಲಿ ‘ಬಫಿಯೋ.ಸ್ಕ್ಯಾನರ್’ ಇಟ್ಟು ಸಾಲುಸಾಲಾಗಿ ಓದುತ್ತವೆ. ಸ್ಕ್ಯಾನರ್‌ನ ಸಾಮಾನ್ಯ ಮಿತಿ 64 ಕಿಲೋಬೈಟ್. ಯಾರೋ ದೊಡ್ಡ ಜೇಸನ್ ಉತ್ತರವನ್ನು ಒಂದೇ ಸಾಲಿನಲ್ಲಿ ಲಾಗ್ ಮಾಡಿದ ಕ್ಷಣ ಸ್ಕ್ಯಾನರ್ ನಿಲ್ಲುತ್ತದೆ, ಓದುವ ಗೋರುಟೀನ್ ಮುಗಿಯುತ್ತದೆ. ಓದುವ ತುದಿಯನ್ನು ಮುಚ್ಚದೆ ಹೋಗಿದ್ದರೆ ಮುಂದಿನ ‘ರೈಟ್’ ಎಂದೆಂದಿಗೂ ಕಾಯುತ್ತದೆ. ಮುಚ್ಚಿ ಹೋಗಿದ್ದರೆ ಪ್ರೋಗ್ರಾಂ ಓಡುತ್ತದೆ, ಲಾಗ್ ಮಾತ್ರ ಸದ್ದಿಲ್ಲದೆ ಸಾಯುತ್ತದೆ. ಪೈಪ್ ಬೇಕಾಗಿಯೇ ಇಲ್ಲ, ‘ರೈಟ್’ಗೆ ಪೂರ್ತಿ ಸಂದೇಶ ಬಂದೇ ಬರುತ್ತದೆ. ಅದನ್ನು ತೆಗೆದುಹಾಕಿ.

ಮೂರನೆಯದು, ‘ರೈಟ್’ ಒಳಗೆ ನೆಟ್‌ವರ್ಕ್ ಕರೆ. ಆ ಕಡೆಯ ಸರ್ವರ್ ನಿಧಾನವಾದರೆ ಲಾಗ್ ಮಾಡುವ ಪ್ರತಿಯೊಂದು ಗೋರುಟೀನ್ ಸರದಿಯಲ್ಲಿ ನಿಲ್ಲುತ್ತದೆ. ಮಿತಿಯುಳ್ಳ ಚಾನೆಲ್ ಇಟ್ಟು, ತುಂಬಿದಾಗ ಸಂದೇಶ ಬಿಟ್ಟುಬಿಡಿ, ಎಷ್ಟು ಬಿಟ್ಟಿರಿ ಎಂಬ ಲೆಕ್ಕವನ್ನು ಇಡಿ.

ಪ್ರೋಗ್ರಾಂ ಮುಗಿಯುವ ಕೊನೆಯ ಸಾಲುಗಳು ಸಿಗುವುದಿಲ್ಲ

ಬೇಕಾದ ಸಾಲು ಯಾವಾಗಲೂ ಕೊನೆಯದೇ ಆಗಿರುತ್ತದೆ. ‘ಲಾಗ್.ಫೇಟಲ್’ ಸಂದೇಶ ಬರೆದ ತಕ್ಷಣ ‘ಒಎಸ್.ಎಕ್ಸಿಟ್’ ಕರೆಯುತ್ತದೆ, ‘ಡಿಫರ್’ ಮಾಡಿಟ್ಟ ಯಾವ ಫಂಕ್ಷನ್ ಕೂಡ ಓಡುವುದಿಲ್ಲ. ಚಾನೆಲ್‌ನಲ್ಲಿ ಕಾಯುತ್ತಿದ್ದ ಸಾಲುಗಳು, ಅವುಗಳ ಜೊತೆ ಆ ‘ಫೇಟಲ್’ ಸಾಲು ಸಹ, ಅಲ್ಲಿಯೇ ಹೋಗುತ್ತವೆ. ಸಿಗ್ನಲ್ ಹಿಡಿಯದ ಪ್ರೋಗ್ರಾಂಗೆ, ನಿಲ್ಲು ಎನ್ನುವ ‘ಸಿಗ್‌ಟರ್ಮ್’ ಬಂದರೂ ಇದೇ ಗತಿ. ‘ಮೇನ್’ ಹೊರಗೆಲ್ಲೂ ‘ಫೇಟಲ್’ ಬಳಸದೆ ದೋಷವನ್ನು ಮೇಲಕ್ಕೆ ಹಿಂದಿರುಗಿಸಿ, ‘ಮೇನ್’ನಲ್ಲಿ ಚಾನೆಲ್ ಬರಿದು ಮಾಡಿ ಆಮೇಲೆ ಹೊರಬನ್ನಿ. ಲೈಬ್ರರಿಗಳೇ ‘ಫೇಟಲ್’ ಕರೆಯುತ್ತಿದ್ದು ಅವು ನಿಮ್ಮ ಹಿಡಿತದಲ್ಲಿಲ್ಲದಿದ್ದರೆ, ಈ ಕೊಂಡಿಯನ್ನು ಮಾತ್ರ ಚಾನೆಲ್ ಇಲ್ಲದೆ ನೇರವಾಗಿ ಸ್ಥಳೀಯ ಫೈಲಿಗೆ ಬರೆಯುವಂತೆ ಇಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಹಣದ ವ್ಯವಹಾರ, ವೈದ್ಯಕೀಯ ದಾಖಲೆ, ಲೆಕ್ಕಪರಿಶೋಧನೆಗೆ ಬೇಕಾದ ದಾಖಲೆಗಳು ಇದೇ ಲಾಗ್ ಮೂಲಕ ಹೋಗುತ್ತಿದ್ದರೆ, ಸಾಲುಗಳು ಕಾಣೆಯಾಗುತ್ತಿವೆ ಎಂದು ಗೊತ್ತಾದ ಕ್ಷಣ ಪ್ರಯೋಗ ನಿಲ್ಲಿಸಿ. ಔಟ್‌ಪುಟ್ ಅನ್ನು ಸ್ಟ್ಯಾಂಡರ್ಡ್ ಎರರ್‌ಗೆ, ಫ್ಲ್ಯಾಗ್‌ಗಳನ್ನು ಮೊದಲಿನ ಸ್ಥಿತಿಗೆ ಮರಳಿಸಿ, ಆ ದಾಖಲೆಗಳಿಗೆ ಹೊಣೆಯಾದವರಿಗೆ ಯಾವ ಸಮಯದಿಂದ ಯಾವ ಸಮಯದವರೆಗೆ ತೂತು ಇದೆ ಎಂದು ತಿಳಿಸಿ. ಕೇಂದ್ರ ವ್ಯವಸ್ಥೆಗೆ ಹೊಸದಾಗಿ ಹರಿದುಬರುವ ಸಾಲುಗಳಲ್ಲಿ ಯುಆರ್‌ಎಲ್ ಜೊತೆಗಿನ ಟೋಕನ್, ಪಾಸ್‌ವರ್ಡ್, ಬಳಕೆದಾರರ ಐಪಿ ವಿಳಾಸ ಕಂಡರೆ ಅದು ಅಡಾಪ್ಟರ್ ಸರಿಪಡಿಸುವ ಕೆಲಸಕ್ಕಿಂತ ಮೊದಲಿನದು. ಭದ್ರತಾ ತಂಡವನ್ನು ಕರೆಯಿರಿ, ಆ ಟೋಕನ್‌ಗಳನ್ನು ಬದಲಾಯಿಸಿ.

ಮೇಲಿನ ಯಾವ ವಿವರಣೆಗೂ ಹೊಂದದ ಲಕ್ಷಣವಿದ್ದರೆ, ಅಥವಾ ರೇಸ್ ಪತ್ತೆಗಾರ ಬೊಟ್ಟು ಮಾಡುವುದು ಹೊರಗಿನ ಲೈಬ್ರರಿಯ ಕೋಡ್‌ನತ್ತ ಎಂದಾದರೆ, ಅದನ್ನು ನಿರ್ವಹಿಸುವವರಿಗೆ ಬರೆಯಿರಿ. ಗೋ ಆವೃತ್ತಿ, ಲೈಬ್ರರಿಯ ಆವೃತ್ತಿ, ಗೋರುಟೀನ್‌ಗಳ ಪಟ್ಟಿ, ತೊಂದರೆಯನ್ನು ಮತ್ತೆ ಹುಟ್ಟಿಸುವ ಅತಿ ಚಿಕ್ಕ ಪ್ರೋಗ್ರಾಂ, ಜೊತೆಗೆ ಮೊದಲ ಪರೀಕ್ಷೆಯಲ್ಲಿ ‘%ಕ್ಯು’ ರೂಪದಲ್ಲಿ ಮುದ್ರಿಸಿಕೊಂಡ ಸಾಲುಗಳನ್ನು ಲಗತ್ತಿಸಿ. ಕಳುಹಿಸುವ ಮೊದಲು ಆ ಸಾಲುಗಳಲ್ಲಿರುವ ಗುಪ್ತ ಮೌಲ್ಯಗಳನ್ನು ಒಂದೊಂದಾಗಿ ನೋಡಿ ಅಳಿಸಿಹಾಕಿ.